ಕಣದಿಂದ ಕಚೇರಿಗೆ ಬಂದ ‘ಆಯ’

ಪ್ರತಿ ವರ್ಷ ವಿಧಾನಸೌಧದಲ್ಲಿ ‘ಆಯವ್ಯಯ’ ಮಂಡನೆಯಾಗುತ್ತದೆ. ಆ ಜೋಡಿಪದವನ್ನು ಬಿಟ್ಟರೆ ‘ಆಯ’ ಎಂಬ ಹಳೆಯ ಮಾತು ಸರಕಾರಿ ಕಾಗದಗಳಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಬಿಡಿಯಾಗಿ ಬೇಕಾದಾಗ ‘ಆದಾಯ’ ಬಂದು ಅದರ ಜಾಗದಲ್ಲಿ ಕೂರುತ್ತದೆ. ಆದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಿರಿಯರ ಮಾತಿನಲ್ಲಿ ಈ ಎರಡಕ್ಷರಕ್ಕೆ ಬರೀ ದುಡ್ಡಿನ ಅರ್ಥವಲ್ಲ. ಹೊರೆ ಹೊತ್ತವನು ಆಯ ತಪ್ಪಿ ಬೀಳುತ್ತಾನೆ. ಸೂಕ್ಷ್ಮ ಜಾಗಕ್ಕೆ ಬಿದ್ದ ಪೆಟ್ಟು ಆಯಕ್ಕೆ ಬಿದ್ದ ಪೆಟ್ಟು. ಮನೆ ಕಟ್ಟುವ ಮುಂಚೆ ಆಯ ನೋಡುತ್ತಾರೆ, ರಾಶಿ ಮಾಡಿದ ಮೇಲೆ ಕಮ್ಮಾರನಿಗೆ, ಬಡಿಗನಿಗೆ ಆಯ ಕೊಡುತ್ತಿದ್ದರು. ಇಷ್ಟೊಂದು ಅರ್ಥಗಳನ್ನು ಭಾಷೆಯ ಗೊಂದಲವೆಂದು ಗುಡಿಸಿ ಹಾಕುವುದು ಸುಲಭ. ನನ್ನ ವಾದ ಬೇರೆ: ಇವು ಒಂದು ಸೀಮೆಯ ಬದುಕಿನ ದಾಖಲೆ. ಆಡುವವರು ಇರುವಾಗಲೇ ಊರು, ಕಸುಬುಗಳ ಸಮೇತ ಇವನ್ನು ಬರೆದಿಡಬೇಕು.

ದಾಖಲೆ ಎನ್ನುವುದಕ್ಕೆ ಮೊದಲ ಸಾಕ್ಷಿ ಕಲ್ಲಿನ ಮೇಲೆಯೇ ಇದೆ. ಹಾನಗಲ್ಲು ಹಿಂದೆ ಪಾನುಂಗಲ್ಲು, ಪಾನುಂಗಲ್ಲು ಐನೂರು ಎಂಬ ನಾಡಿನ ಮುಖ್ಯ ಪಟ್ಟಣ. ಹಿರೇಕೆರೂರು ಸೀಮೆಯ ಅಬ್ಬಲೂರಿನಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನವೊಂದಿದೆ, ಶಾಸನತಜ್ಞ ಫ್ಲೀಟ್ ಪ್ರಕಟಿಸಿದ್ದು. ಹಾನಗಲ್ಲ ಕದಂಬರ ಅರಸ ಕಾಮದೇವ ಅಲ್ಲಿಯ ಸೋಮನಾಥ ದೇವರಿಗೆ ಮಲ್ಲವಳ್ಳಿ ಎಂಬ ಊರನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿ ಬರುತ್ತದೆ. ಒಂದು ಊರನ್ನೇ ದೇವರಿಗೆ ಬಿಡುವುದೆಂದರೆ ಮನೆಮಠ ಕಿತ್ತು ಕೊಡುವುದಲ್ಲವಲ್ಲ, ಆ ಊರಿನ ಹುಟ್ಟುವಳಿಯಲ್ಲಿ ಅರಸನಿಗೆ ಬರುವ ಪಾಲನ್ನು ಬಿಡುವುದು. ಆ ಕಾಲದ ಶಾಸನಗಳಲ್ಲಿ ಗೊತ್ತುಮಾಡಿದ ತೆರಿಗೆಗೆ ‘ಸಿದ್ಧಾಯ’ ಎಂಬ ಹೆಸರು. ಅಂದರೆ ಆಯ ಎಂದಾಗ ಕೈಗೆ ಬಂದ ಹಣದಷ್ಟೇ ಮುಖ್ಯವಾದದ್ದು ಇಂಥವರಿಗೆ ಇಷ್ಟು ಎಂಬ ನಿಗದಿ.

ಕಣದಲ್ಲಿ ಉಳಿದುಬಂದದ್ದು ಇದೇ ಅರ್ಥ. ರಂಟೆ, ಕುಂಟಿ, ಕೂರಿಗೆಗಳನ್ನು ವರ್ಷವಿಡೀ ದುರಸ್ತಿ ಮಾಡಿಕೊಟ್ಟ ಬಡಿಗ, ಕುಡ ಹಣಿದುಕೊಟ್ಟ ಕಮ್ಮಾರ, ಮಡಕೆ ಕೊಟ್ಟ ಕುಂಬಾರ, ಬಟ್ಟೆ ಒಗೆದ ಮಡಿವಾಳ ಇವರೆಲ್ಲ ಆಯಗಾರರು. ಕೆಲಸಕ್ಕೆ ಅಂದೇ ಕೂಲಿಯಿಲ್ಲ. ಸುಗ್ಗಿಯಲ್ಲಿ ರಾಶಿಯ ಮುಂದೆ ಬಂದು ನಿಂತರೆ ಜೋಳವೋ ಭತ್ತವೋ ಅಳೆದು ಹಾಕುತ್ತಿದ್ದರು. ವಿಜಯನಗರ ಕಾಲದ ಗ್ರಾಮಾಡಳಿತವನ್ನು ವಿವರಿಸುವ ಇತಿಹಾಸಕಾರರು ಹನ್ನೆರಡು ಮಂದಿ ಆಯಗಾರರ ಮಾತೆತ್ತುತ್ತಾರೆ, ಮರಾಠಿ ಕಡೆಗೆ ಅದೇ ‘ಬಾರಾ ಬಲೂತಿ’. ಊರ ಹುದ್ದೆಗಳ ವಂಶಪಾರಂಪರ್ಯ ಹಕ್ಕನ್ನು 1961ರ ಕಾಯ್ದೆ ತೆಗೆದುಹಾಕಿತು. ಆದರೆ ಕಮ್ಮಾರ, ಬಡಿಗರ ಆಯವನ್ನು ಕೊನೆಗಾಣಿಸಿದ್ದು ಮುಖ್ಯವಾಗಿ ಟ್ರ್ಯಾಕ್ಟರ್. ಕೂರಿಗೆಯೇ ಕಬ್ಬಿಣದ್ದಾಗಿ ಅಂಗಡಿಯಿಂದ ಬಂದ ಮೇಲೆ ಬಡಿಗ ಕಣಕ್ಕೆ ಬರುವ ಪ್ರಮೇಯವೇ ಇಲ್ಲ.

ವಿಚಿತ್ರವೆಂದರೆ, ಹೊಲದಿಂದ ಹೋದ ಪದ ಮನೆ ಕಟ್ಟುವವರಲ್ಲಿ ಗಟ್ಟಿಯಾಗಿ ಉಳಿದುಕೊಂಡಿದೆ. ಪಾಯದ ಉದ್ದಗಲ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜ, ಆಮೇಲೆ ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಶೇಷ ಶುಭ, ಸಮ ಶೇಷ ಅಶುಭ. ಈಗ ನಮ್ಮ ಬಡಾವಣೆಗಳ ಜನಪ್ರಿಯ ನಿವೇಶನ 30 ಅಡಿಗೆ 40. ಗುಣಿಸಿದರೆ 1,200, ಎಂಟರಿಂದ ಪೂರ್ತಿ ಭಾಗವಾಗಿ ಕಾಕಾಯಕ್ಕೆ ಬೀಳುತ್ತದೆ. ಅದಕ್ಕೇ ಪಾಯವನ್ನು 29ಕ್ಕೆ 37 ಎಂದು ಇಳಿಸುತ್ತಾರೆ. 1,073 ಆಯಿತು, ಒಂದು ಉಳಿಯಿತು, ಧ್ವಜಾಯ ಬಂತು. (ಕೆಲವರು ಮೊದಲು ಒಂಬತ್ತರಿಂದ ಗುಣಿಸಿ ಆಮೇಲೆ ಎಂಟರಿಂದ ಭಾಗಿಸುತ್ತಾರೆ. ಶೇಷ ಬದಲಾಗುವುದೇ ಇಲ್ಲ, ಲೆಕ್ಕದ ಗತ್ತು ಮಾತ್ರ ಹೆಚ್ಚುತ್ತದೆ.) ಈ ಲೆಕ್ಕದಿಂದ ಮನೆಗೆ ಭಾಗ್ಯ ಬರುತ್ತದೆಂದು ನಾನು ನಂಬುವುದಿಲ್ಲ. ಆದರೆ ಅಳತೆ, ಹೊಂದಿಕೆ ಎಂಬ ಅರ್ಥ ಇಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ. ಆಯ ತಪ್ಪಿ ಬೀಳುವವನ ಮೈ ಕಳೆದುಕೊಳ್ಳುವುದೂ ಅದೇ ಹೊಂದಿಕೆಯನ್ನು.

ಇಲ್ಲಿ ವ್ಯಾಕರಣ ಬಲ್ಲವರು ತಡೆಯಬಹುದು: ಸಂಸ್ಕೃತದ ಆಯ ಬೇರೆ, ಕನ್ನಡದ ಆಯ ಬೇರೆ, ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ ಎಂದು. ತಕರಾರು ನ್ಯಾಯವಾದದ್ದೇ. ವರಮಾನದ ಆಯ ಸಂಸ್ಕೃತದ್ದು, ಸಮತೋಲದ ಆಯಕ್ಕೆ ಬೇರೆ ಹುಟ್ಟು ಇರಬಹುದು. ಆದರೆ ಮಾತಾಡುವವರು ಬೇರು ನೋಡಿ ಮಾತಾಡುವುದಿಲ್ಲ. ಶತಮಾನಗಳ ಕಾಲ ಒಂದೇ ಬಾಯಲ್ಲಿ ಆಡಿದ ಎರಡು ಪದಗಳು ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿಸಿಕೊಳ್ಳುತ್ತವೆ. ಎಲ್ಲಿ ಎರಡು, ಎಲ್ಲಿ ಒಂದು ಎಂದು ತೀರ್ಮಾನಿಸುವುದಕ್ಕೂ ಬಳಕೆಯ ಉದಾಹರಣೆಗಳೇ ಬೇಕು. ಕಚೇರಿಯವರು ಹೇಳುವ ‘ಒಂದು ಪದಕ್ಕೆ ಒಂದೇ ಅರ್ಥ’ ಎಂಬ ನಿಯಮ ಕಾಯ್ದೆಯ ಪುಸ್ತಕಕ್ಕೆ ಸರಿ, ನಿಘಂಟಿಗೆ ಸಲ್ಲದು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಆಯಗಾರಿಕೆ ಜಾತಿಗೆ ಕಟ್ಟಿಹಾಕಿದ ದುಡಿಮೆ. ಬೆಳೆ ಹೋದ ವರ್ಷ ಆಯವೂ ಹೋಯಿತು, ಕೆಲಸ ಮಾತ್ರ ತಪ್ಪಲಿಲ್ಲ. ಅಳೆಯುವ ಕೈ ಯಾವಾಗಲೂ ಒಕ್ಕಲಿನವನದು. ಅಂಥ ವ್ಯವಸ್ಥೆಯ ಪದವನ್ನು ಏಕೆ ಎತ್ತಿ ಮೆರೆಸಬೇಕು? ಮೆರೆಸಬೇಕಿಲ್ಲ, ಒಪ್ಪುತ್ತೇನೆ. ‘ಊರೆಲ್ಲ ಒಂದೇ ಮನೆಯಂತಿತ್ತು’ ಎನ್ನುವವರ ಹಾಡಿಗೆ ಈ ಪದ ತಾಳವಾಗುವುದೂ ಬೇಡ. ಆದರೆ ಪದವನ್ನು ಮರೆತರೆ ಅನ್ಯಾಯದ ಸಾಕ್ಷಿಯೂ ಮರೆತಂತೆಯೇ. ಇಂಗ್ಲಿಷಿನಲ್ಲಿ ‘ಸ್ಕಾಟ್’ ಎಂದರೆ ಹಿಂದೆ ತೆರಿಗೆ. ಇಂದು ಅದು ಶಿಕ್ಷೆಯಿಲ್ಲದೆ ಪಾರಾದವನ ಬಗ್ಗೆ ಹೇಳುವ ‘ಸ್ಕಾಟ್ ಫ್ರೀ’ಯಲ್ಲಷ್ಟೇ ಉಸಿರಾಡುತ್ತಿದ್ದರೂ ನಿಘಂಟು ತೆರೆದರೆ ಯಾರು ಯಾರಿಗೆ ತೆತ್ತರೆಂಬುದು ತಿಳಿಯುತ್ತದೆ. ಜೋಸೆಫ್ ರೈಟ್ 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ಇಂಗ್ಲಿಷ್ ಉಪಭಾಷಾ ನಿಘಂಟಿನಲ್ಲಿ ಹಳ್ಳಿಯ ಪದಗಳಿಗೆ ಅವು ಯಾವ ಜಿಲ್ಲೆಯವೆಂಬ ಗುರುತೂ ಇದೆ.

ನಮ್ಮಲ್ಲಿ ಕಿಟೆಲ್ 1894ರಲ್ಲೇ ಗ್ರಂಥಗಳ ಜೊತೆ ಆಡುಮಾತು, ಗಾದೆಗಳನ್ನೂ ನಿಘಂಟಿಗೆ ಸೇರಿಸಿದರು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟಿನ ದೊಡ್ಡ ಕೆಲಸ ಮಾಡಿತು, ಆದರೆ ಅದರ ಮುಖ್ಯ ಆಧಾರ ಕಾವ್ಯ ಮತ್ತು ಶಾಸನ. ಕಣದಲ್ಲಿ ನಿಂತು ಆಯ ಪಡೆದವರ ಬಾಯಿಂದ ಬರೆದುಕೊಳ್ಳುವ ಕೆಲಸ ಬೇರೆಯೇ. ಅದಕ್ಕೆ ಬೇಕಾದ ಸಂಸ್ಥೆ ಇದೇ ಸೀಮೆಯಲ್ಲಿದೆ: ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಈ ನಾಲ್ಕು ಊರುಗಳ ಸೀಮೆಗೇ ಒಂದು ಪದಕೋಶವನ್ನು ಅದು ಕೈಗೆತ್ತಿಕೊಳ್ಳಲಿ. ಮೊದಲು ಆಯ ಕೊಟ್ಟವರಿಗಿಂತ ಆಯ ಪಡೆದವರನ್ನು ಕೇಳಲಿ.