ಬಾಣಂತಿ ಕೋಣೆಯಿಂದ ಹತ್ತು ನಿಮಿಷ ಹೊರಗೆ ಬನ್ನಿ

ಬಾಣಂತಿ ಇರುವ ಮನೆಯವರಲ್ಲಿ ಒಂದು ಮನವಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3ನೇ ದಿನದಿಂದ 42ನೇ ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕೆಂಬುದು ನಿಯಮ. ಬಂದವರು ಮಗುವನ್ನು ತೂಗುತ್ತಾರೆ, ಜ್ವರ ನೋಡುತ್ತಾರೆ, ಹಾಲು ಸಾಲುತ್ತಿದೆಯೇ ಎಂದು ವಿಚಾರಿಸುತ್ತಾರೆ. ಆಮೇಲೆ ಬಾಣಂತಿಯ ಕಡೆ ತಿರುಗಿ, ‘ನಿದ್ದೆ ಬರುತ್ತೇನಮ್ಮಾ?’ ಎಂದರೆ ಉತ್ತರ ಬರುವುದು ಅಡುಗೆಮನೆಯಿಂದ: ‘ಚೆನ್ನಾಗೇ ಇದ್ದಾಳೆ ಕಣಮ್ಮ, ಸ್ವಲ್ಪ ಅಳುಬುರುಕಿ ಅಷ್ಟೇ.’ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಕೂತ ಹುಡುಗಿ ಬಾಯಿಬಿಡುವುದಿಲ್ಲ. ಆಶಾ ಮುಂದಿನ ಮನೆಗೆ ಹೊರಡುತ್ತಾರೆ.

ಹೆತ್ತ ಹೊಸದರಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ಆಮೇಲೂ ಮಂಕು ಹೋಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಹತ್ತದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಅದು ಖಿನ್ನತೆ ಇರಬಹುದು. ಭಾರತದ ಹಲವು ಅಧ್ಯಯನಗಳನ್ನು ಒಟ್ಟಾಗಿ ನೋಡಿದ 2017ರ ವಿಶ್ಲೇಷಣೆಯೊಂದು ಶೇ 22ರಷ್ಟು ತಾಯಂದಿರಲ್ಲಿ ಇದನ್ನು ಕಂಡಿತು. ಬಾಣಂತಿ ಸನ್ನಿಯ ಮಾತೇ ಬೇರೆ. ಸಾವಿರಕ್ಕೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಬರುತ್ತದೆ. ಇಲ್ಲದ ದನಿ ಕೇಳಿಸುತ್ತದೆ, ಮನೆಯವರ ಮೇಲೇ ಅನುಮಾನ ಹುಟ್ಟುತ್ತದೆ. ಆಗ ತಾಯಿತ ಕಟ್ಟಿಸುತ್ತ ಕೂರಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಖಿನ್ನತೆಯ ಸುಳಿವು ಹಿಡಿಯಲು ಎಡಿನ್‌ಬರೊ ಪ್ರಶ್ನಾವಳಿ ಎಂಬುದು 1987ರಿಂದ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಹತ್ತೇ ಪ್ರಶ್ನೆ. ಕೊನೆಯದು, ತನ್ನ ಜೀವಕ್ಕೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಹೆಣ್ಣು ಮಗುವಾಯಿತೆಂದು ಮುಖ ಊದಿಸಿಕೊಂಡವರೇ ಎದುರಿಗೆ ಕೂತಿದ್ದರೆ ಯಾರು ತಾನೇ ಅದಕ್ಕೆ ನಿಜ ಹೇಳಿಯಾರು? ಎಂಥ ತರಬೇತಿ ಪಡೆದ ನರ್ಸೂ ಅಲ್ಲಿ ಕೈಚೆಲ್ಲಬೇಕಾಗುತ್ತದೆ.

ಆದ್ದರಿಂದ ಆಶಾ ಬಂದಾಗ ಹೊರಗೆ ಬನ್ನಿ. ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ಕೂತಿರಿ. ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದರೆ ತಾಯಿ ಕಾರ್ಡ್ ಹಿಡಿದು ನೀವೇ ಈ ಊರಿನ ಆಶಾರನ್ನು ಕಾಣಿ. ಅವಳ ಹೆಸರು ಗಂಡನ ಊರಿನ ಪಟ್ಟಿಯಲ್ಲೇ ಉಳಿದಿದ್ದೀತು.

ಗ್ರಾಮಸಭೆಯಲ್ಲಿ, ಆರೋಗ್ಯ ರಕ್ಷಾ ಸಮಿತಿಯಲ್ಲಿ ದನಿ ಇರುವವರು ಇಷ್ಟನ್ನು ಕೇಳಿ. ಒಂದೂವರೆ ತಿಂಗಳ ಲಸಿಕೆಗೆ ತಾಯಿ ಹೇಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ. ಅಂದು ಪರದೆ ಎಳೆದ ಒಂದು ಮೂಲೆ, ಎರಡು ಕುರ್ಚಿ ಸಿಗಲಿ. ಹತ್ತು ಪ್ರಶ್ನೆ ಕೇಳುವ ತರಬೇತಿ ಸಿಬ್ಬಂದಿಗೆ ಸಿಗಲಿ. ಕೇಳಿದ ಮೇಲೆ ಯಾರ ಬಳಿ ಕಳಿಸಬೇಕೆಂದು ತಿಳಿಯದೆ ಕೇಳುವುದನ್ನೇ ಬಿಡುವವರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಫೋನ್ ನಂಬರ್ ಗೋಡೆಯ ಮೇಲಿರಲಿ.

ಚಿಕಿತ್ಸೆ ಎಂದರೆ ಮಗುವನ್ನು ಅಗಲುವುದಲ್ಲ. 2009ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗು ಒಟ್ಟಿಗೇ ಇರುವ ವಾರ್ಡಿದೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ಯಾವುದೆಂದು ವೈದ್ಯರು ಹೇಳುತ್ತಾರೆ.

ಟೆಲಿ ಮನಸ್ ಸಹಾಯವಾಣಿ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಇಂದೇ ತಾಯಿ ಕಾರ್ಡಿನ ಮೇಲೆ ಬರೆದಿಡಿ.