ಪರಿಚಿತ ಪದಗಳ ಮೋಸ

ಡೆನ್ಮಾರ್ಕಿನ ಎಲ್ಸಿನೋರ್ ಕೋಟೆ. ನಡುರಾತ್ರಿ, ಕೊರೆಯುವ ಚಳಿ. ಸತ್ತ ರಾಜನ ಪ್ರೇತವು ಮಗನನ್ನು ಕೈಬೀಸಿ ಕರೆಯುತ್ತದೆ. ಹ್ಯಾಮ್ಲೆಟ್ ಅದರ ಹಿಂದೆ ಹೊರಡುತ್ತಾನೆ. ಹೋದರೆ ಅನಾಹುತವಾದೀತೆಂದು ಹೊರೇಷಿಯೋ, ಮಾರ್ಸೆಲಸ್ ಇಬ್ಬರೂ ಅವನನ್ನು ಬಲವಾಗಿ ಹಿಡಿದುಕೊಳ್ಳುತ್ತಾರೆ. ಆಗ ಅವನು ಸಿಡಿದೇಳುತ್ತಾನೆ: ತನ್ನನ್ನು ‘ಲೆಟ್’ ಮಾಡಿದವನನ್ನೂ ಪ್ರೇತವಾಗಿಸಿಬಿಡುವನಂತೆ!

ಷೇಕ್ಸ್‌ಪಿಯರನನ್ನು (1564–1616) ಮೊದಲ ಬಾರಿಗೆ ಓದುವ ವಿದ್ಯಾರ್ಥಿ ಇಲ್ಲಿ ತಬ್ಬಿಬ್ಬಾಗುವುದು ಸಹಜ. ‘ಲೆಟ್’ ಎಂದರೆ ಬಿಡು, ಆಗಗೊಡು ಎಂದಲ್ಲವೆ ಅವನು ಕಲಿತದ್ದು? ಹೋಗಗೊಟ್ಟವನನ್ನೇ ಕೊಲ್ಲುವುದುಂಟೆ? ಆದರೆ ಇಲ್ಲಿ ಆ ಪದದ ಅರ್ಥ ‘ತಡೆ’. ಪ್ರಾಚೀನ ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಕ್ರಿಯಾಪದಗಳಿದ್ದವು. ಒಂದಕ್ಕೆ ಬಿಡು ಎಂದೂ ಇನ್ನೊಂದಕ್ಕೆ ತಡೆ ಎಂದೂ ಅರ್ಥ. ಕಾಲಕ್ರಮದಲ್ಲಿ ಎರಡರ ರೂಪವೂ ಒಂದೇ ಆಯಿತು. ನಾಟಕಕಾರನ ಕಾಲಕ್ಕೆ ಎರಡರ್ಥಗಳೂ ಬಳಕೆಯಲ್ಲಿದ್ದವು.

‘ಒಥೆಲೊ’ ನಾಟಕದಲ್ಲಿಯೂ ಇಂಥದೊಂದು ಎಡೆ ಉಂಟು. ಒಥೆಲೊವಿನ ಮನಸ್ಸಿನಲ್ಲಿ ಸಂಶಯದ ವಿಷವನ್ನು ಬಿತ್ತಿದ ಇಯಾಗೊ, ನಿನ್ನೆಯವರೆಗಿನ ಸುಖನಿದ್ರೆ ಇನ್ನು ಅವನಿಗೆ ಯಾವ ಔಷಧದಿಂದಲೂ ಮರಳದೆಂದು ಹಿಗ್ಗುತ್ತಾನೆ. ಅಲ್ಲಿ ಬಂದಿರುವ ‘ಓ’ ಎಂಬ ಕ್ರಿಯಾಪದಕ್ಕೆ ಇಂದಿನ ಅರ್ಥ, ಸಾಲ ತೀರಿಸಬೇಕಾಗಿರು ಎಂದು. ಅಂದು ತನ್ನದಾಗಿ ಹೊಂದಿರು ಎಂದೂ ಅರ್ಥವಿತ್ತು. ಇಂದಿನ ಅರ್ಥವನ್ನು ಹಿಡಿದರೆ ನಿದ್ರೆಯು ಸಾಲದ ಲೆಕ್ಕವಾದೀತು. ಒಬ್ಬನ ನೆಮ್ಮದಿಯನ್ನು ಕದ್ದು ಸಂಭ್ರಮಿಸುವ ಕ್ರೌರ್ಯ ಕಣ್ಮರೆಯಾದೀತು.

ಹ್ಯಾಮ್ಲೆಟ್ ಒಫೀಲಿಯಾಳಿಗೆ ಬರೆದ ಪ್ರೇಮಪತ್ರವಂತೂ ಇನ್ನೂ ಸೂಕ್ಷ್ಮ. ಅದರ ನಾಲ್ಕು ಸಾಲುಗಳಲ್ಲಿ ನಾಲ್ಕು ಬಾರಿ ‘ಡೌಟ್’ ಬರುತ್ತದೆ. ನಕ್ಷತ್ರ, ಸೂರ್ಯರ ಮಾತಿನಲ್ಲಿ ಅದು ‘ನಂಬದಿರು’; ಸತ್ಯದ ಮಾತು ಬಂದಾಗ ‘ಸುಳ್ಳಿರಬಹುದೆಂದು ಶಂಕಿಸು’; ತನ್ನ ಒಲವಿನ ಮಾತಿನಲ್ಲಿ ಮತ್ತೆ ಮೊದಲಿನ ಅರ್ಥ. ಒಂದೇ ಪದ ಹೀಗೆ ಕೈಯಿಂದ ಜಾರುತ್ತಿರುವಾಗ, ಆ ಹುಡುಗಿ ಪ್ರಿಯನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು?

ಅಪರಿಚಿತ ಪದ ಓದುಗನನ್ನು ನಿಘಂಟಿನ ಬಳಿಗೆ ಕಳುಹಿಸುತ್ತದೆ. ಪರಿಚಿತ ಪದವಾದರೋ ನಗುನಗುತ್ತಲೇ ದಾರಿ ತಪ್ಪಿಸುತ್ತದೆ. 1911ರಲ್ಲಿ ಸಿ. ಟಿ. ಅನಿಯನ್ಸ್ ಎಂಬ ವಿದ್ವಾಂಸರು ಷೇಕ್ಸ್‌ಪಿಯರನಿಗೆಂದೇ ಒಂದು ಪದಕೋಶವನ್ನು ಪ್ರಕಟಿಸಿದರು. ನಾಟಕವನ್ನು ಓದುವಾಗ ಅಂಥದೊಂದು ಪಕ್ಕದಲ್ಲಿರುವುದು ಲೇಸು. ಅದರಲ್ಲಿ ಕಠಿನ ಪದಗಳಿಗಿಂತ ಸುಲಭ ಪದಗಳನ್ನೇ ಮೊದಲು ನೋಡುವುದು ಇನ್ನೂ ಲೇಸು.

ತಡೆ ಎಂಬರ್ಥದ ‘ಲೆಟ್’ ಇನ್ನೂ ಪೂರ್ತಿ ಸತ್ತಿಲ್ಲ. ನಾಮಪದವಾಗಿ ಅದು ಭಾರತದ ಪಾಸ್‌ಪೋರ್ಟಿನಲ್ಲಿ ಕುಳಿತಿದೆ: ಪ್ರಯಾಣಿಕರನ್ನು ಯಾವ ‘ಲೆಟ್’ ಇಲ್ಲದೆ, ಅಡ್ಡಿಯಿಲ್ಲದೆ ಸಾಗಗೊಡಬೇಕೆಂದು ಅಲ್ಲಿ ರಾಷ್ಟ್ರಪತಿಗಳ ಹೆಸರಿನಲ್ಲಿ ಕೇಳಿಕೊಳ್ಳಲಾಗಿದೆ. ಮನೆಯಲ್ಲಿ ಯಾರದಾದರೂ ಪಾಸ್‌ಪೋರ್ಟು ಇದ್ದರೆ ಒಮ್ಮೆ ತೆರೆದು ನೋಡಬಹುದು. ಆ ಚಳಿಯ ರಾತ್ರಿ ಹ್ಯಾಮ್ಲೆಟ್ ಕೇಳಿದ್ದೂ ಅಷ್ಟನ್ನೇ: ದಾರಿ ಬಿಡಿ.