ಅಡಿಕೆ ಒಲೆಗೆ ಸಿಮೆಂಟಿನ ತೇಪೆ ಬೇಡ

ಕೊನೆಕೊಯ್ಲಿಗೆ ಮೊದಲು ಅಡಿಕೆ ಬೇಯಿಸುವ ಒಲೆಯ ಒಳಗೋಡೆಯನ್ನು ನೋಡುವವರು ನಮ್ಮಲ್ಲಿ ಕಡಿಮೆ. ಇಟ್ಟಿಗೆ ಉದುರಿದಲ್ಲಿ ಸಿಮೆಂಟ್ ಮೆತ್ತಿ ಸುಮ್ಮನಾಗುತ್ತೇವೆ. ಸುಮಾರು 400–500 ಡಿಗ್ರಿ ಸೆಲ್ಸಿಯಸ್ ಕಾವಿಗೆ ಸಿಮೆಂಟಿನ ಹಿಡಿತವೇ ಸಡಿಲವಾಗುತ್ತದೆ. ಸಂದಿಯಲ್ಲಿ ಕಾವು ಸೋರಿ ಸೌದೆ ಹೆಚ್ಚು ಬೇಕಾಗುತ್ತದೆ. ಅದರ ಹೊರೆ ಬೀಳುವುದು ನಮ್ಮ ಸೊಪ್ಪಿನಬೆಟ್ಟದ ಮೇಲೆಯೇ.

ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಪುಡಿಯಾದ ಇಟ್ಟಿಗೆಗಳನ್ನು ಮಾತ್ರ ಕಿತ್ತು, ಫೈರ್ ಬ್ರಿಕ್ಕನ್ನು ಫೈರ್ ಕ್ಲೇ ಗಾರೆಯಲ್ಲಿ ಕೂರಿಸಬೇಕು. ಸಂದಿ 3 ಮಿಲಿಮೀಟರ್ ಮೀರಬಾರದು. ಚೆನ್ನಾಗಿ ಆರಿದ ಮೇಲೆ ಮೊದಲು ಸಣ್ಣ ಉರಿಯನ್ನಷ್ಟೇ ಹಾಕಬೇಕು.

ಇಪ್ಪತ್ತು ಮೂವತ್ತು ಇಟ್ಟಿಗೆಗಾಗಿ ಸಣ್ಣ ಬೆಳೆಗಾರ ದೂರದ ಪೇಟೆಗೆ ಅಲೆಯುವುದು ಹೇಗೆ? ಗೊಬ್ಬರ, ಮೈಲುತುತ್ತ ಒದಗಿಸುವ ಸಹಕಾರ ಸಂಘಗಳು ಇವನ್ನೂ ತರಿಸಿ ಬಿಡಿಯಾಗಿ ಮಾರಬೇಕು. ಸದಸ್ಯರು ಸರ್ವಸದಸ್ಯರ ಸಭೆಯಲ್ಲಿ ಇದನ್ನು ಕೇಳಲಿ.